ಉಬ್ಬಿದ ತೋಟಾ: ಆಕಾರ ಮರಳಬಹುದು, ಬಲ ಮರಳುವುದೇ?

ಪಿಸ್ತೂಲು ಸಿಡಿದ ಮರುಕ್ಷಣ ಅದರ ಬದಿಯಿಂದ ಚಿಮ್ಮಿ ನೆಲಕ್ಕೆ ಬೀಳುವ ಪುಟ್ಟ ಹಿತ್ತಾಳೆಯ ಕೊಳವೆಯನ್ನು ಚಲನಚಿತ್ರಗಳಲ್ಲಿ ನೋಡದವರು ವಿರಳ. ಪೊಲೀಸರ ಪಂಚನಾಮೆಯಲ್ಲಿ 'ಖಾಲಿ ತೋಟಾ' ಎಂದು ದಾಖಲಾಗುವ ಈ ವಸ್ತು ನಮ್ಮಲ್ಲಿ ಹೆಚ್ಚೆಂದರೆ ಒಂದು ಸಾಕ್ಷ್ಯ. ಅಮೆರಿಕದ ಹವ್ಯಾಸಿ ಗುರಿಕಾರರಿಗೆ ಮಾತ್ರ ಅದು ಕಚ್ಚಾ ಸಾಮಗ್ರಿ. ಗುಂಡು ಹಾರಿಸುವ ಮೈದಾನದಲ್ಲಿ ಬಾಗಿ ಬಾಗಿ ಖಾಲಿ ಕೊಳವೆಗಳನ್ನು ಆರಿಸಿ, ಮನೆಗೆ ತಂದು, ತೊಳೆದು, ಅಚ್ಚಿನಲ್ಲಿ ಒತ್ತಿ, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬಿ ಪುನಃ ಬಳಸುವ ಪದ್ಧತಿ ಅಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇದನ್ನು 'ರೀಲೋಡಿಂಗ್' ಎನ್ನುತ್ತಾರೆ.

ಹೀಗೆ ಆರಿಸಿ ತಂದ ಕೊಳವೆಗಳ ಪೈಕಿ ಕೆಲವು ಬುಡದ ಬಳಿ ಒಂದು ಬದಿಗೆ ಸಣ್ಣಗೆ ಊದಿಕೊಂಡಿರುತ್ತವೆ. ಬೆರಳಿನಿಂದ ಸವರಿದರೆ ತಿಳಿಯುವಷ್ಟು ಉಬ್ಬು. ಇದನ್ನು ಮರಳಿ ಸರಿಯಾದ ಅಳತೆಗೆ ತರುವ ಉಪಕರಣಗಳು ಅಲ್ಲಿನ ಅಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಅಳತೆಗೆ ಬಂದ ಕವಚ ಹಿಂದಿನಷ್ಟೇ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆಗೆ ಯಾವ ಉಪಕರಣವೂ ಉತ್ತರಿಸುವುದಿಲ್ಲ.

ತೋಟಾದ ಒಳಹೊರಗು

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ. ಮುಂದೆ ಹಾರಿಹೋಗುವ ಗುಂಡು, ಅದನ್ನು ತಳ್ಳುವ ಹೊಗೆರಹಿತ ಮದ್ದು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಮತ್ತು ಇವೆಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಹಿತ್ತಾಳೆಯ ಕವಚ. ಪ್ರೈಮರ್ ಎಂದರೆ ನಮ್ಮ ಮಲೆನಾಡಿನ ಹಳೆಯ ಕೋವಿಗಳ ಕೇಪಿನ ವಂಶಸ್ಥನೇ. ಮೊದಲ ಮೂರು ಒಮ್ಮೆ ಬಳಸಿದರೆ ಮುಗಿಯಿತು. ಕವಚ ಮಾತ್ರ ಉಳಿಯುತ್ತದೆ. ತೋಟಾದ ಬಿಡಿಭಾಗಗಳಲ್ಲಿ ಸಾಮಾನ್ಯವಾಗಿ ದುಬಾರಿಯಾದುದೂ ಅದೇ. ಹೀಗಾಗಿ ಅದನ್ನು ಎಸೆಯದೆ ಮರುಬಳಕೆ ಮಾಡುವುದರಲ್ಲಿ ಉಳಿತಾಯವಿದೆ.

ಈ ಕವಚದ ಲೋಹ ಶೇ. 70 ತಾಮ್ರ, ಶೇ. 30 ಸತು ಬೆರೆತ ಹಿತ್ತಾಳೆ. ಲೋಹಶಾಸ್ತ್ರದ ಪುಸ್ತಕಗಳಲ್ಲಿ ಈ ಮಿಶ್ರಣಕ್ಕೆ 'ಕಾರ್ಟ್ರಿಜ್ ಬ್ರಾಸ್' ಎಂದೇ ಹೆಸರು. ಹಿಗ್ಗಿ, ಬಳಿಕ ಸ್ವಲ್ಪ ಕುಗ್ಗುವ ಗುಣ ಇದಕ್ಕಿದೆ, ತೋಟಾದ ಕೆಲಸವೆಲ್ಲ ಈ ಗುಣವನ್ನೇ ಅವಲಂಬಿಸಿದೆ. ಪ್ರೈಮರ್ ಸಿಡಿದೊಡನೆ ಮದ್ದು ಉರಿದು ಅನಿಲವಾಗುತ್ತದೆ. ಕ್ಷಣದ ಸಾವಿರದೊಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಒತ್ತಡ ತುತ್ತತುದಿಗೇರುತ್ತದೆ. ಕವಚದ ತೆಳುಗೋಡೆ ಹಿಗ್ಗಿ, ಪಿಸ್ತೂಲಿನ ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ 'ಛೇಂಬರ್' ಎಂಬ ಉಕ್ಕಿನ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅನಿಲ ಹಿಂದಕ್ಕೆ ಸೋರದಂತೆ ತಡೆಯುವುದು ಈ ಅಂಟುವಿಕೆಯೇ. ಗುಂಡು ಹೊರಬಿದ್ದು ಒತ್ತಡ ಇಳಿದೊಡನೆ ಹಿತ್ತಾಳೆ ಕೂದಲೆಳೆಯಷ್ಟು ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ, ಕೊಕ್ಕೆಯೊಂದು ಅದನ್ನು ಹೊರಕ್ಕೆಳೆದು ಎಸೆಯುತ್ತದೆ.

ಅಂದರೆ ಒತ್ತಡವನ್ನು ನಿಜವಾಗಿ ತಡೆದುಕೊಳ್ಳುವುದು ಹಿತ್ತಾಳೆಯಲ್ಲ, ಅದರ ಸುತ್ತಲಿನ ಉಕ್ಕು. ಹಿತ್ತಾಳೆಗೆ ಎಲ್ಲಿ ಉಕ್ಕಿನ ಆಸರೆ ತಪ್ಪುತ್ತದೆಯೋ ಅಲ್ಲಿ ಅದು ಒಂಟಿಯಾಗಿ ಹೋರಾಡಬೇಕು. ಉಬ್ಬು ಮೂಡುವುದು ಅಲ್ಲಿಯೇ.

.40ರ ಹುಟ್ಟು, ಉಬ್ಬಿನ ಹುಟ್ಟು

ಈ ಸಮಸ್ಯೆಯೊಂದಿಗೆ ಬಿಡಿಸಲಾಗದಂತೆ ಬೆಸೆದುಕೊಂಡಿರುವ ತೋಟಾ '.40 ಸ್ಮಿತ್ ಅಂಡ್ ವೆಸನ್'. ಅದರ ಹಿನ್ನೆಲೆ ಕುತೂಹಲಕರ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿ ಪ್ರದೇಶದಲ್ಲಿ ಎಫ್‌ಬಿಐನ ಎಂಟು ಮಂದಿ ಅಧಿಕಾರಿಗಳು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ತಡೆದರು. ಗುಂಡಿನ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಹತರಾದರು, ಐವರು ಗಾಯಗೊಂಡರು. ದರೋಡೆಕೋರರೂ ಸತ್ತರು, ಆದರೆ ಅವರಲ್ಲೊಬ್ಬ ಗುಂಡು ತಗುಲಿದ ನಂತರವೂ ಬಹಳ ಹೊತ್ತು ಹೋರಾಡಿದ್ದು ಎಫ್‌ಬಿಐಯನ್ನು ಚಿಂತೆಗೀಡುಮಾಡಿತು. ತಮ್ಮ ಕೈಬಂದೂಕುಗಳ ಗುಂಡು ಸಾಲದೆಂಬ ತೀರ್ಮಾನಕ್ಕೆ ಬಂದ ಸಂಸ್ಥೆ 10 ಮಿ.ಮೀ. ಆಟೋ ಎಂಬ ಬಲವಾದ ತೋಟಾದ ಕಡೆಗೆ ತಿರುಗಿತು. ಪೂರ್ಣ ಬಲದ 10 ಮಿ.ಮೀ.ನ ಹಿಂದೊದೆತ ಅತಿಯೆನಿಸಿದ್ದರಿಂದ ಮದ್ದನ್ನು ತಗ್ಗಿಸಿ ಪ್ರಯೋಗ ನಡೆಸಲಾಯಿತು. ಮದ್ದು ಕಡಿಮೆಯಾದ ಮೇಲೆ ಅಷ್ಟು ಉದ್ದದ ಕವಚವೇಕೆ ಎಂಬ ಆಲೋಚನೆಯಿಂದ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು 25.2 ಮಿ.ಮೀ. ಉದ್ದದ ಕವಚವನ್ನು 21.6 ಮಿ.ಮೀ.ಗೆ ಮೊಟಕುಗೊಳಿಸಿ, 1990ರ ಜನವರಿಯಲ್ಲಿ .40 ತೋಟಾವನ್ನು ಲೋಕಾರ್ಪಣೆ ಮಾಡಿದವು.

ಮೊಟಕಾದ ತೋಟಾದ ಲಾಭವೆಂದರೆ 9 ಮಿ.ಮೀ. ಪಿಸ್ತೂಲಿನ ಗಾತ್ರದ ಚೌಕಟ್ಟಿನಲ್ಲೇ ಅದು ಹಿಡಿಸುತ್ತದೆ. ಆಸ್ಟ್ರಿಯಾದ ಗ್ಲಾಕ್ ಕಂಪನಿ ತಡಮಾಡದೆ ತನ್ನ 9 ಮಿ.ಮೀ. ಮಾದರಿಯನ್ನು ಹಿಗ್ಗಿಸಿ ಗ್ಲಾಕ್ 22 ಎಂಬ .40 ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಪೊಲೀಸ್ ಇಲಾಖೆಗಳು ಮುಗಿಬಿದ್ದು ಕೊಂಡವು. ದೇಶದ ತುಂಬ ಪೊಲೀಸ್ ತರಬೇತಿ ಮೈದಾನಗಳಲ್ಲಿ .40 ಕವಚಗಳು ರಾಶಿ ರಾಶಿಯಾಗಿ ಬಿದ್ದವು, ಅವು ಚೀಲಗಟ್ಟಲೆ ಹವ್ಯಾಸಿಗಳ ಕೈಸೇರಿದವು.

ಆ ರಾಶಿಯಲ್ಲಿ ಉಬ್ಬಿದವು ಬಹಳ ಇದ್ದವು. ಕಾರಣ ಸರಳ. ಮ್ಯಾಗಜೀನಿನಿಂದ ತೋಟಾ ಮೇಲಕ್ಕೆ ಜಾರಿ ಛೇಂಬರಿನೊಳಗೆ ಹೋಗಲು ನಳಿಗೆಯ ಕೆಳಬದಿಯಲ್ಲಿ ಒಂದು ಇಳಿಜಾರು ಇರುತ್ತದೆ. ಇದಕ್ಕೆ 'ಫೀಡ್ ರ‍್ಯಾಂಪ್' ಎನ್ನುತ್ತಾರೆ. ಇಳಿಜಾರು ವಿಶಾಲವಾಗಿದ್ದಷ್ಟೂ ತೋಟಾ ಸಿಕ್ಕಿಕೊಳ್ಳದೆ ಸರಾಗವಾಗಿ ಒಳಸೇರುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಛೇಂಬರಿನ ತಳಗೋಡೆ ಕಡಿದುಹೋಗುತ್ತದೆ. ಆರಂಭದ .40 ಗ್ಲಾಕ್ ನಳಿಗೆಗಳಲ್ಲಿ ಈ ಕಡಿತ ಉದಾರವಾಗಿತ್ತು, ಛೇಂಬರ್ ಕೂಡ ತುಸು ಸಡಿಲವಾಗಿತ್ತು. ಕೆಸರು, ಧೂಳು, ಚಳಿ ಯಾವುದಿದ್ದರೂ ಪಿಸ್ತೂಲು ಕೈಕೊಡಬಾರದೆಂಬ ಪೊಲೀಸ್ ಅಗತ್ಯಕ್ಕೆ ಅದು ಹೊಂದುತ್ತಿತ್ತು. ಪರಿಣಾಮವಾಗಿ ಕವಚದ ಬುಡದ ಬಳಿ ಗಡಿಯಾರದ ಆರು ಗಂಟೆಯ ದಿಕ್ಕಿನಲ್ಲಿ ಹಿತ್ತಾಳೆಗೆ ಆಸರೆಯಿರಲಿಲ್ಲ. 9 ಮಿ.ಮೀ. ಮತ್ತು .40 ಎರಡಕ್ಕೂ ಅನುಮತಿಸಲಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್. ಕಾರಿನ ಟೈರಿನಲ್ಲಿ ಇರುವುದು ಸುಮಾರು 30 ಪೌಂಡ್ ಎಂಬುದನ್ನು ನೆನೆದರೆ ಇದರ ಅಗಾಧತೆ ಅರಿವಾದೀತು. ಹಳೆಯ .45 ತೋಟಾದಲ್ಲಿ ಈ ಮಿತಿ 21,000 ಮಾತ್ರ, ಹಾಗಾಗಿ ಅಲ್ಲಿ ಆಸರೆಯ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ.

ಹೀಗೆ ಮೂಡಿದ ಉಬ್ಬಿಗೆ ಹವ್ಯಾಸಿಗಳು 'ಗ್ಲಾಕ್ ಬಲ್ಜ್' ಎಂದು ಹೆಸರಿಟ್ಟರು. ಹೆಸರು ಒಂದೇ ಕಂಪನಿಗೆ ಅಂಟಿಕೊಂಡದ್ದು ಪೂರ್ಣ ನ್ಯಾಯವೆನಿಸದು. ಕಾರ್ಖಾನೆಯ ಹೊಸ ತೋಟಾ ಆ ಪಿಸ್ತೂಲುಗಳಲ್ಲಿ ತನ್ನ ಕೆಲಸ ಮಾಡುತ್ತಿತ್ತು, ಮರುತುಂಬಿದ ತೋಟಾ ಬಳಸಬೇಡಿ ಎಂದು ಗ್ಲಾಕ್ ಕೈಪಿಡಿಯಲ್ಲಿಯೇ ಎಚ್ಚರಿಕೆಯಿದೆ, ನಂತರದ ವರ್ಷಗಳ ನಳಿಗೆಗಳಲ್ಲಿ ಆಸರೆಯೂ ಹೆಚ್ಚಿತು. ಇದಕ್ಕೂ ಮೊದಲೇ, 1980ರ ದಶಕದಲ್ಲಿ, ಸ್ಪರ್ಧಾ ಗುರಿಕಾರರು 1929ರಷ್ಟು ಹಳೆಯದಾದ .38 ಸೂಪರ್ ತೋಟಾಕ್ಕೆ ಮಿತಿಮೀರಿ ಮದ್ದು ತುಂಬಿ 1911 ಮಾದರಿಯ ಪಿಸ್ತೂಲುಗಳಲ್ಲಿ ಹಾರಿಸುತ್ತಿದ್ದರು. ಆ ನಳಿಗೆಗಳಲ್ಲೂ ಕೆಳಗಿನ ಆಸರೆ ಕಡಿಮೆ. ಕವಚ ಒಡೆದು ಅನಿಲ, ಹಿತ್ತಾಳೆಯ ಚೂರು ಮುಖಕ್ಕೆ ಸಿಡಿಯುವುದಕ್ಕೆ 'ಸೂಪರ್ ಫೇಸ್' ಎಂಬ ಕ್ರೂರ ಹಾಸ್ಯದ ಹೆಸರೂ ಹುಟ್ಟಿತ್ತು. ಪೂರ್ಣ ಆಸರೆಯ ನಳಿಗೆಗಳು ಜನಪ್ರಿಯವಾದದ್ದು ಅದರ ನಂತರ.

ಉಬ್ಬನ್ನು ಓದುವ ಬಗೆ

ಉಬ್ಬಿದ ಕವಚವನ್ನು ಕಂಡೊಡನೆ ಅಚ್ಚಿಗೆ ಹಾಕುವವನು ರೋಗ ತಿಳಿಯದೆ ಔಷಧಿ ಕೊಡುವ ವೈದ್ಯನಂತೆ. ಉಬ್ಬು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ಪಿಸ್ತೂಲಿನ ಮತ್ತು ಮದ್ದಿನ ಸ್ಥಿತಿಯನ್ನು ಹೇಳುತ್ತದೆ.

ಬುಡದ ಬಳಿ ಒಂದೇ ಬದಿಗೆ, ನಯವಾಗಿ ಇಳಿಯುವ ಸಣ್ಣ ಉಬ್ಬಿದ್ದರೆ ಅದು ಆಸರೆಯ ಕೊರತೆಯಿಂದ ಬಂದದ್ದು. ಕವಚ ಪೂರ್ತಿ ಸುತ್ತಲೂ ಸಮನಾಗಿ ದಪ್ಪಗಾಗಿದ್ದರೆ ಛೇಂಬರ್ ಸಡಿಲವಾಗಿದೆ ಅಥವಾ ಒತ್ತಡ ಅತಿಯಾಗಿದೆ. ಉಬ್ಬಿನ ಅಂಚು ನಯವಾಗಿರದೆ ಉಗುರಿಗೆ ಸಿಕ್ಕುವ ಮೆಟ್ಟಿಲಿನಂತೆ, ಬಿದಿಗೆ ಚಂದ್ರನ ಗೆರೆಯಂತೆ ಮೂಡಿದ್ದರೆ ಪರಿಸ್ಥಿತಿ ಗಂಭೀರ. ಇಳಿಜಾರಿನ ಅಂಚಿಗೆ ಒತ್ತಿಕೊಂಡು ಲೋಹ ಕತ್ತರಿಸುವ ಹಂತಕ್ಕೆ ಬಂದಿದೆ ಎಂದರ್ಥ. ಅಮೆರಿಕದ ಹವ್ಯಾಸಿಗಳು ಇದನ್ನು 'ಸ್ಮೈಲ್' ಅಂದರೆ ಮುಗುಳ್ನಗೆ ಎನ್ನುತ್ತಾರೆ. ಮುಗುಳ್ನಗುವ ಕವಚಕ್ಕೆ ಚಿಕಿತ್ಸೆಯಿಲ್ಲ, ಇಕ್ಕಳದಲ್ಲಿ ಹಿಸುಕಿ ಗುಜರಿಗೆ ಹಾಕುವುದೊಂದೇ ದಾರಿ. ಹಿಸುಕುವುದೇಕೆಂದರೆ, ಇನ್ನೊಬ್ಬರು ಅದನ್ನು ಆರಿಸಿಕೊಂಡು ಹೋಗಬಾರದು.

ಇನ್ನೊಂದು ಬಗೆಯ ಉಬ್ಬು ಇದಕ್ಕೆ ಸಂಬಂಧವೇ ಇಲ್ಲದ್ದು. ಹೊಸದಾಗಿ ಗುಂಡು ಕೂರಿಸಿದ ತೋಟಾದ ಬಾಯಿಯ ಕೆಳಗೆ ಊದಿಕೊಂಡಿದ್ದರೆ, ಗುಂಡು ವಾಲಿ ಕುಳಿತಿದೆ ಅಥವಾ ಬಾಯಿಯನ್ನು ಅತಿಯಾಗಿ ಹಿಸುಕಿ ಬಿಗಿಯಲಾಗಿದೆ. ಗುಂಡು ಕುಳಿತಿರುವಷ್ಟು ಭಾಗ ದಪ್ಪ, ಅದರ ಕೆಳಗೆ ಸೊಂಟದಂತೆ ಸಣ್ಣ ಎಂಬ ಆಕಾರ ಮಾತ್ರ ಸಹಜವಾದುದೇ. ಅಚ್ಚು ಕವಚವನ್ನು ಚೆನ್ನಾಗಿ ಬಿಗಿಮಾಡಿದೆ, ಗುಂಡನ್ನು ಅದು ಹಿಡಿದುಕೊಂಡಿದೆ ಎಂಬುದರ ಗುರುತು ಅದು. ಹೊಸಬರು ಇದನ್ನು ದೋಷವೆಂದು ಭಾವಿಸಿ ಗಾಬರಿಯಾಗುವುದುಂಟು.

ಅಚ್ಚು ತಲುಪದ ಜಾಗ

ಸಾಮಾನ್ಯವಾಗಿ ರೀಲೋಡಿಂಗಿನ ಪ್ರತಿ ಸುತ್ತಿನಲ್ಲೂ ಕವಚವನ್ನು 'ಸೈಜಿಂಗ್ ಡೈ' ಎಂಬ ಅಚ್ಚಿನೊಳಗೆ ಒತ್ತಲಾಗುತ್ತದೆ. ಪಿಸ್ತೂಲು ಕವಚಗಳ ಅಚ್ಚಿನ ಬಾಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಉಂಗುರವಿರುತ್ತದೆ. ಬಲು ಗಟ್ಟಿ, ನುಣುಪು. ಹಿತ್ತಾಳೆ ಅಂಟಿಕೊಳ್ಳುವುದಿಲ್ಲ, ಎಣ್ಣೆ ಸವರುವ ಅಗತ್ಯವೂ ಇಲ್ಲ. ಆದರೆ ಕಾರ್ಬೈಡ್ ಗಾಜಿನಂತೆ ಬಿರುಕುಬಿಡುವ ವಸ್ತು. ಆದ್ದರಿಂದ ಉಂಗುರದ ಅಂಚನ್ನು ದುಂಡಗೆ ಮಾಡಿರುತ್ತಾರೆ. ಕವಚದ ಬುಡವನ್ನು ಹಿಡಿದುಕೊಳ್ಳುವ 'ಷೆಲ್ ಹೋಲ್ಡರ್' ಎಂಬ ಹಿಡಿಕೆಯೇ ಸುಮಾರು 3 ಮಿ.ಮೀ. ಎತ್ತರವಿರುತ್ತದೆ. ಇವೆರಡೂ ಸೇರಿ, ಕವಚದ ತಳಭಾಗದ ಒಂದು ಪಟ್ಟಿಗೆ ಅಚ್ಚು ತಾಕುವುದೇ ಇಲ್ಲ. ದುರದೃಷ್ಟಕ್ಕೆ ಉಬ್ಬು ಇರುವುದು ಆ ಪಟ್ಟಿಯ ಆಸುಪಾಸಿನಲ್ಲಿಯೇ. ಅಚ್ಚಿನಿಂದ ಹೊರಬಂದ ಕವಚ ಮೇಲ್ಭಾಗದಲ್ಲಿ ಅಳತೆಗೆ ಸರಿಯಾಗಿದ್ದು, ಬುಡದಲ್ಲಿ ಒಡ್ಯಾಣ ತೊಟ್ಟಂತೆ ಉಬ್ಬಿಕೊಂಡೇ ಇರುತ್ತದೆ. ಸಡಿಲ ಛೇಂಬರಿನ ಪೊಲೀಸ್ ಪಿಸ್ತೂಲಿನಲ್ಲಿ ಅದು ನಡೆದೀತು; ಬಿಗಿ ಛೇಂಬರಿನ ಸ್ಪರ್ಧಾ ಪಿಸ್ತೂಲಿನಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಕವಚವನ್ನು ಅಚ್ಚಿನೊಳಗೆ ಒತ್ತಿ ಹಿಂದಕ್ಕೆಳೆಯುವ ಬದಲು ಪೂರ್ತಿ ತೂರಿಸಿ ಇನ್ನೊಂದು ತುದಿಯಿಂದ ಹೊರತರುವುದು. ಗಾಣದಲ್ಲಿ ಕಬ್ಬು ಹಾದುಹೋದಂತೆ ಕವಚ ಬುಡದಿಂದ ಬಾಯಿಯವರೆಗೆ ಉಂಗುರದ ಮೂಲಕ ಹಾದುಹೋಗುತ್ತದೆ, ಯಾವ ಪಟ್ಟಿಯೂ ಬಿಟ್ಟುಹೋಗುವುದಿಲ್ಲ. ರೆಡಿಂಗ್ ಕಂಪನಿಯ 'ಜಿ-ಆರ್‌ಎಕ್ಸ್' ಮತ್ತು ಲೀ ಕಂಪನಿಯ 'ಬಲ್ಜ್ ಬಸ್ಟರ್' ಈ ತತ್ತ್ವದಲ್ಲಿ ಕೆಲಸ ಮಾಡುತ್ತವೆ. .40ರಲ್ಲಿ ಇದು ಸಾಧ್ಯವಾಗುವುದಕ್ಕೆ ಕಾರಣ ಆ ಕವಚದ ಜ್ಯಾಮಿತಿ: ಬುಡದಿಂದ ಬಾಯಿಯವರೆಗೆ ನೇರ ಕೊಳವೆ, ಗರಿಷ್ಠ ವ್ಯಾಸ 10.77 ಮಿ.ಮೀ., ತಳದ ಅಂಚೂ ಅಷ್ಟೇ ಅಗಲ. 10 ಮಿ.ಮೀ. ಆಟೋ ಕವಚವೂ ಹಾಗೆಯೇ.

9 ಮಿ.ಮೀ. ಲ್ಯೂಗರ್ ಕವಚಕ್ಕೆ ಈ ವಿಧಾನ ಒಗ್ಗುವುದಿಲ್ಲ. ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪಿಸ್ತೂಲು ತೋಟಾ ಅದಾದರೂ ಅದರ ಕವಚ ನೇರವಾಗಿಲ್ಲ, ಬುಡದಲ್ಲಿ 9.93 ಮಿ.ಮೀ., ಬಾಯಲ್ಲಿ 9.65 ಮಿ.ಮೀ. ಲೋಟದಂತೆ ಓರೆಯಾದ ಈ ಕೊಳವೆಯನ್ನು ನೇರ ಉಂಗುರದಲ್ಲಿ ತೂರಿಸಿದರೆ ಬಾಯಿಯ ಅಳತೆಗೆ ಬುಡವನ್ನೂ ಹಿಂಡಿದಂತಾಗುತ್ತದೆ. .38 ಸೂಪರಿನ ತಳದ ಅಂಚು ಮೈಗಿಂತ ತುಸು ಅಗಲ, ರಿವಾಲ್ವರಿನ.38 ಸ್ಪೆಷಲ್, .357 ಮ್ಯಾಗ್ನಮ್ ಕವಚಗಳಿಗಂತೂ ಚಾಚಿದ ಅಂಚೇ ಇದೆ. ಅವು ಉಂಗುರದ ಮೂಲಕ ಹಾಯುವುದು ಅಸಾಧ್ಯ.

ಕಡ್ಡಾಯವಾಗಿ ಪಾಲಿಸಬೇಕಾದ ನಿಯಮವೊಂದಿದೆ. ಹೀಗೆ ತೂರಿಸುವಾಗ ಕಂಬಿ ಕವಚದ ತಳವನ್ನೇ, ಅಂದರೆ ಪ್ರೈಮರ್ ಕೂತಿರುವ ಜಾಗವನ್ನೇ, ತಳ್ಳುತ್ತದೆ. ಸಿಡಿಯದ ಪ್ರೈಮರ್ ಇರುವ ಕವಚವನ್ನಾಗಲಿ, ತುಂಬಿದ ತೋಟಾವನ್ನಾಗಲಿ ಇದರಲ್ಲಿ ಎಂದೂ ಹಾಕಕೂಡದು.

ಮೂರನೆಯ ವಿಧಾನ ಉರುಳಿಸುವುದು. ಎರಡು ಗಟ್ಟಿ ಅಚ್ಚುಗಳ ನಡುವೆ, ಒಂದು ನಿಂತಿದ್ದು ಇನ್ನೊಂದು ಚಲಿಸುತ್ತಿರುವಂತೆ, ಕವಚವನ್ನು ಲಟ್ಟಣಿಗೆಯಡಿಯ ಹಿಟ್ಟಿನ ಸುರುಳಿಯಂತೆ ಹೊರಳಿಸಲಾಗುತ್ತದೆ. ಉಬ್ಬು ಸಮವಾಗುವುದರೊಂದಿಗೆ ತಳದ ಅಂಚಿನಲ್ಲಿ ಕೊಕ್ಕೆ ಕೆತ್ತಿದ ಗಾಯಗಳೂ ಮಟ್ಟಸವಾಗುತ್ತವೆ. 9 ಮಿ.ಮೀ. ಕವಚಕ್ಕೂ ಇದು ಹೊಂದುತ್ತದೆ. ಯಂತ್ರ ದುಬಾರಿ; ಸ್ಪರ್ಧೆಗಳಿಗೆ ಸಾವಿರಗಟ್ಟಲೆ ತೋಟಾ ತುಂಬುವವರು ಮತ್ತು ಕವಚ ಮಾರುವ ವ್ಯಾಪಾರಿಗಳು ಇದನ್ನು ಇಟ್ಟುಕೊಂಡಿರುತ್ತಾರೆ.

ಯಾವ ವಿಧಾನವಾದರೂ ಕೊನೆಯ ತೀರ್ಪು ಗೇಜಿನದು. ಸರಿಯಾದ ಅಳತೆಗೆ ಕೊರೆದ ಲೋಹದ ಗುಂಡಿಯಂಥ ಈ ಸಾಧನದೊಳಗೆ ತೋಟಾ ತನ್ನ ಭಾರಕ್ಕೇ ಇಳಿದು, ತಲೆಕೆಳಗು ಮಾಡಿದಾಗ ತಾನೇ ಹೊರಬೀಳಬೇಕು. ಗೇಜು ಇಲ್ಲದವರು ಪಿಸ್ತೂಲಿನಿಂದ ನಳಿಗೆಯನ್ನು ಬಿಚ್ಚಿ ತೆಗೆದು ಅದರಲ್ಲೇ ಹಾಕಿ ನೋಡುತ್ತಾರೆ. ತೋಟಾ ಕುಳಿತಾಗ ಬರುವ 'ಪ್ಲಂಕ್' ಎಂಬ ಶಬ್ದದಿಂದ ಅದಕ್ಕೆ 'ಪ್ಲಂಕ್ ಟೆಸ್ಟ್' ಎಂಬ ಹೆಸರು ಬಂದಿದೆ.

ಗೇಜು ಹೇಳದ ಸತ್ಯ

ಗೇಜು ಹೊರ ಅಳತೆಯನ್ನು ಮಾತ್ರ ಬಲ್ಲದು. ಉಬ್ಬುವಾಗ ಆ ಜಾಗದ ಗೋಡೆ ಎಳೆದುಕೊಂಡು ತೆಳ್ಳಗಾಗಿರುತ್ತದೆ. ಅಚ್ಚು ಅದನ್ನು ಒಳಕ್ಕೆ ತಳ್ಳುತ್ತದೆಯೇ ಹೊರತು ಕಳೆದುಹೋದ ದಪ್ಪವನ್ನು ಮರಳಿ ತುಂಬುವುದಿಲ್ಲ. ಜೊತೆಗೆ ಹಿತ್ತಾಳೆಯನ್ನು ತಣ್ಣಗಿರುವಾಗ ಹೊರಕ್ಕೆ, ಒಳಕ್ಕೆ ಬಗ್ಗಿಸಿದಷ್ಟೂ ಅದು ಗಡುಸಾಗುತ್ತದೆ, ಗಡುಸಾದಷ್ಟೂ ಬಾಗುವ ಬದಲು ಬಿರಿಯುವ ಸ್ವಭಾವ ಪಡೆಯುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ತುಂಡರಿಸುವವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ.

ಹಾಗಾದರೆ ಕಾಯಿಸಿ ಮೃದುಗೊಳಿಸಬಾರದೇ ಎಂದು ಕೇಳಬಹುದು. ರೈಫಲ್ ಕವಚಗಳ ಕತ್ತನ್ನು ಹಾಗೆ ಹದಗೊಳಿಸುವ ಪದ್ಧತಿ ಇರುವುದು ನಿಜ. ಆದರೆ ಬುಡವನ್ನು ಕಾಯಿಸುವುದು ಅಪಾಯಕ್ಕೆ ಆಹ್ವಾನ. ಕಾರ್ಖಾನೆಯವರು ಕವಚದ ತಳವನ್ನು ಉದ್ದೇಶಪೂರ್ವಕವಾಗಿಯೇ ಗಡುಸಾಗಿ ಉಳಿಸಿರುತ್ತಾರೆ. ಅದನ್ನು ಮೆತ್ತಗೆ ಮಾಡಿದರೆ ಮುಂದಿನ ಗುಂಡಿಗೆ ತಳವೇ ಹಿಗ್ಗಿ ಬಾಯ್ದೆರೆದೀತು. ಎಂದರೆ ಉಬ್ಬಿದ ಬುಡಕ್ಕೆ ಲೋಹಶಾಸ್ತ್ರದಲ್ಲಿ ಪುನರ್ಜನ್ಮವಿಲ್ಲ.

ಮರುಬಳಸಿದ ತೆಳುಗೋಡೆ ಮತ್ತೊಮ್ಮೆ ಆಸರೆಯಿಲ್ಲದ ಛೇಂಬರಿನಲ್ಲಿ ಅದೇ ಆರು ಗಂಟೆಯ ದಿಕ್ಕಿಗೆ ಬಂದು ಕುಳಿತರೆ ಸೀಳುವ ಸಂಭವವಿದೆ. ಆಗ ಬಿಸಿ ಅನಿಲ ಇಳಿಜಾರಿನ ಮೂಲಕ ನೇರ ಕೆಳಕ್ಕೆ, ಅಂದರೆ ಹಿಡಿಯ ಒಳಗಿರುವ ಮ್ಯಾಗಜೀನಿನ ಕಡೆಗೆ ನುಗ್ಗುತ್ತದೆ. ಮ್ಯಾಗಜೀನ್ ಕಿತ್ತುಕೊಂಡು ಹೊರಬೀಳುತ್ತದೆ, ಹಿಡಿ ಒಡೆಯಬಹುದು, ಹಿಡಿದ ಕೈಗೆ ಗಾಯವಾಗುತ್ತದೆ. ಹವ್ಯಾಸಿಗಳ ಭಾಷೆಯಲ್ಲಿ ಇದಕ್ಕೆ 'ಕಬೂಮ್' ಎಂದು ಹೆಸರು.

ಎಲ್ಲ ಕಬೂಮಿಗೂ ಹಳೆಯ ಉಬ್ಬೇ ಕಾರಣವೆಂದಲ್ಲ. ಅಜಾಗರೂಕತೆಯಿಂದ ಎರಡು ಪಾಲು ಮದ್ದು ಬಿದ್ದಿರಬಹುದು. .40ರ ಮಟ್ಟಿಗೆ ಇನ್ನೊಂದು ಶತ್ರುವೂ ಇದೆ. ಕವಚದ ಒಳಜಾಗ ಕಿರಿದು, ಗುಂಡು ದೊಡ್ಡದು. ಛೇಂಬರಿಗೆ ಹೋಗುವಾಗ ಇಳಿಜಾರಿಗೆ ತಗುಲಿ ಗುಂಡು ಸ್ವಲ್ಪ ಒಳಕ್ಕೆ ಸರಿದರೂ ಮದ್ದಿಗಿರುವ ಜಾಗ ಕುಗ್ಗಿ ಒತ್ತಡ ಜಿಗಿಯುತ್ತದೆ. ಆಸರೆಯಿಲ್ಲದ ಛೇಂಬರ್, ದಣಿದ ಹಿತ್ತಾಳೆ, ಒಳಸರಿದ ಗುಂಡು ಈ ಮೂರೂ ಒಟ್ಟಿಗೆ ಕೂಡಿದಾಗ ಅನಾಹುತ. ಒಂದೊಂದಾಗಿ ಬಂದರೆ ಬಹುಪಾಲು ಪಾರಾಗಬಹುದು, ಆದ್ದರಿಂದಲೇ 'ನೂರಾರು ಸಲ ಮಾಡಿದ್ದೇನೆ, ಏನೂ ಆಗಿಲ್ಲ' ಎನ್ನುವವರ ಮಾತಿಗೆ ಹೆಚ್ಚಿನ ಬೆಲೆ ಕೊಡಲಾಗದು.

ಅನುಭವಸ್ಥರು ಸಾಮಾನ್ಯವಾಗಿ ಒಪ್ಪುವ ಮಧ್ಯಮಾರ್ಗ ಹೀಗಿದೆ: ಸಣ್ಣ, ನಯವಾದ ಉಬ್ಬನ್ನು ಸರಿಪಡಿಸಿದ ಮೇಲೆ ಆ ಕವಚವನ್ನು ಸೌಮ್ಯ ಮದ್ದಿಗೆ, ಪೂರ್ಣ ಆಸರೆಯಿರುವ ನಳಿಗೆಗೆ ಮೀಸಲಿಡುವುದು. ಗರಿಷ್ಠ ಮಿತಿಗೆ ಸಮೀಪದ ಮದ್ದಿಗೆ ಹೊಸ ಕವಚವನ್ನೇ ಬಳಸುವುದು. ಎಲ್ಲಿಂದ ಬಂತೆಂದು ತಿಳಿಯದ ಕವಚಗಳನ್ನು ಬೇರೆ ಡಬ್ಬಿಯಲ್ಲಿಡುವುದು. ಉಬ್ಬು ತಮ್ಮದೇ ಪಿಸ್ತೂಲಿನಲ್ಲಿ ಮೂಡುತ್ತಿದ್ದರೆ ಅಚ್ಚಿಗೆ ಹಣ ಸುರಿಯುವ ಮೊದಲು ನಳಿಗೆಯನ್ನೋ ಮದ್ದಿನ ಪ್ರಮಾಣವನ್ನೋ ಪರಿಶೀಲಿಸುವುದು. ಇದರಲ್ಲಿ ಕಡೆಯದೇ ಮುಖ್ಯವೆಂದು ಈ ಲೇಖಕನ ಅಭಿಪ್ರಾಯ, ಆದರೆ ಪಾಲನೆಯಾಗುವುದು ಅದೇ ಎಲ್ಲಕ್ಕಿಂತ ಕಡಿಮೆ.

ಕುದುರೆಲಾಯದ ಪಾಠ

ಒತ್ತಿದ ಹಿತ್ತಾಳೆಯೊಳಗೆ ಅಡಗಿರುವ ಒತ್ತಡದ ಬಗ್ಗೆ ಜಗತ್ತು ಪಾಠ ಕಲಿತದ್ದು ಭಾರತದ ಮಳೆಗಾಲದಿಂದ ಎಂಬುದು ಅನೇಕರಿಗೆ ತಿಳಿದಿರಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನೆ ಮುಂಗಾರಿನ ತಿಂಗಳುಗಳಲ್ಲಿ ಮದ್ದುಗುಂಡುಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ, ಹೊಚ್ಚಹೊಸ ಹಿತ್ತಾಳೆ ಕವಚಗಳು ತಾವಾಗಿಯೇ ಬಿರುಕುಬಿಟ್ಟಿರುತ್ತಿದ್ದವು. ಋತುಮಾನಕ್ಕೆ ತಕ್ಕಂತೆ ಬರುತ್ತಿದ್ದ ಕಾರಣ ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಬಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದುಕೊಂಡ ಒತ್ತಡದೊಂದಿಗೆ ಸೇರಿ ಲೋಹದ ಕಣಗಳ ನಡುವಣ ಬೆಸುಗೆಯನ್ನು ಕೊರೆಯುತ್ತಿತ್ತು. ಕವಚವನ್ನು ಹದವಾಗಿ ಕಾಯಿಸಿ ಒಳ ಒತ್ತಡ ಕಳೆಯುವುದೇ ಪರಿಹಾರವೆಂದು ಕಂಡುಕೊಳ್ಳಲಾಯಿತು.

ಅಚ್ಚಿನಲ್ಲಿ ಹಿಂಡಿದ ಕವಚದಲ್ಲಿ ಅಂಥದೇ ಒಳ ಒತ್ತಡ ಉಳಿದಿರುತ್ತದೆ. ಆದ್ದರಿಂದ ಅಮೋನಿಯ ಬೆರೆತ ಹಿತ್ತಾಳೆ ಪಾಲಿಷಿನಿಂದ ಕವಚಗಳನ್ನು ಉಜ್ಜಬಾರದೆಂದು ರೀಲೋಡಿಂಗ್ ಬಲ್ಲವರು ಎಚ್ಚರಿಸುತ್ತಾರೆ. ಪೂಜೆಯ ಪಾತ್ರೆಗೆ ಒಗ್ಗುವ ಹೊಳಪು ತೋಟಾಕ್ಕೆ ಒಗ್ಗದು.

ತೊಳೆಯುವ ಕೆಲಸದಲ್ಲಿ ಇನ್ನೂ ಒಂದು ಅಪಾಯವಿದೆ. ಪ್ರೈಮರಿನಲ್ಲಿ ಸೀಸದ ಸಂಯುಕ್ತಗಳಿರುತ್ತವೆ. ಸಿಡಿದ ಕವಚದ ಮಸಿಯಲ್ಲಿ ಸೀಸ ಉಳಿದಿರುತ್ತದೆ, ಒಣ ಪುಡಿಯಲ್ಲಿ ಹೊರಳಿಸಿ ಶುಚಿಗೊಳಿಸುವಾಗ ಅದು ಧೂಳಾಗಿ ಏಳುತ್ತದೆ. ಅಡುಗೆಮನೆಯಲ್ಲಿ, ಮಕ್ಕಳು ಓಡಾಡುವ ಕಡೆ ಈ ಕೆಲಸ ಸಲ್ಲದು.

ಯಾರಿಗೆ ಇದರ ಪ್ರಯೋಜನ?

ಉಬ್ಬು ತೆಗೆಯುವ ಉಪಕರಣಗಳಿಗೆ ನಿಜವಾದ ಬೇಡಿಕೆ ಬಂದದ್ದು ಸ್ಪರ್ಧೆಗಳಿಂದ. ಅಮೆರಿಕದ ಯುಎಸ್‌ಪಿಎಸ್‌ಎ ಸ್ಪರ್ಧೆಗಳ 'ಲಿಮಿಟೆಡ್' ವಿಭಾಗದಲ್ಲಿ ಗುಂಡಿನ ತೂಕ ಮತ್ತು ವೇಗದ ಗುಣಲಬ್ಧದಿಂದ ಬರುವ 'ಪವರ್ ಫ್ಯಾಕ್ಟರ್' 165 ದಾಟಿದರೆ ಮತ್ತು ಗುಂಡು .40 ಗಾತ್ರಕ್ಕೆ ಕಡಿಮೆಯಿಲ್ಲದಿದ್ದರೆ ಹೆಚ್ಚಿನ ಅಂಕಗಳ ಸೌಲಭ್ಯವಿದೆ. ಬಿಗಿ ಛೇಂಬರಿನ ದುಬಾರಿ ಪಿಸ್ತೂಲು, ಪೊಲೀಸ್ ಮೈದಾನದಿಂದ ಅಗ್ಗಕ್ಕೆ ಬಂದ ಉಬ್ಬಿದ ಕವಚ ಇವೆರಡರ ನಡುವೆ ಸಂಧಾನ ಮಾಡಿಸಲು ಈ ಅಚ್ಚುಗಳು ಬೇಕಾದವು. ಒಂದು ತೋಟಾ ಸಿಕ್ಕಿಕೊಂಡರೆ ಸೆಕೆಂಡುಗಳ ಲೆಕ್ಕದ ಸ್ಪರ್ಧೆ ಕೈತಪ್ಪಿದಂತೆಯೇ.

ಆ ಕವಚಗಳ ಹೊಳೆ ಈಗ ಬತ್ತುತ್ತಿದೆ. ಗುಂಡುಗಳ ವಿನ್ಯಾಸ ಸುಧಾರಿಸಿದ ಮೇಲೆ ಎಫ್‌ಬಿಐ 9 ಮಿ.ಮೀ.ಗೆ ಮರಳಲು ನಿರ್ಧರಿಸಿತು, 2016ರಲ್ಲಿ ಅದರ ಗುತ್ತಿಗೆ ಗ್ಲಾಕ್ ಕಂಪನಿಗೇ ದೊರೆಯಿತು. ಅನೇಕ ಪೊಲೀಸ್ ಇಲಾಖೆಗಳು ಅದನ್ನೇ ಅನುಸರಿಸಿದವು. ತಮ್ಮ ಹಳೆಯ .40 ಪಿಸ್ತೂಲುಗಳಿಗಾಗಿ ಇರುವ ಕವಚಗಳನ್ನೇ ಮತ್ತೆ ಮತ್ತೆ ಒತ್ತಿ ಬಳಸುವವರಿಗೆ ದಣಿದ ಹಿತ್ತಾಳೆಯ ಪ್ರಶ್ನೆ ಮುಂದೆ ಹೆಚ್ಚಾಗಲಿದೆಯೇ ವಿನಾ ಕಡಿಮೆಯಾಗದು.

ನಮ್ಮಲ್ಲಿ ಕಾನೂನು

ಅಮೆರಿಕದಲ್ಲಿ 1968ರ ಬಂದೂಕು ನಿಯಂತ್ರಣ ಕಾಯಿದೆಯಡಿ ಮಾರಾಟಕ್ಕಾಗಿ ಮದ್ದುಗುಂಡು ತಯಾರಿಸುವವರಿಗೆ ಫೆಡರಲ್ ಪರವಾನಗಿ ಬೇಕು; ಸ್ವಂತ ಬಳಕೆಗೆ ಮನೆಯಲ್ಲಿ ತುಂಬಿಕೊಳ್ಳುವವರಿಗೆ ಫೆಡರಲ್ ಕಾನೂನಿನಲ್ಲಿ ಆ ನಿರ್ಬಂಧವಿಲ್ಲ. ರಾಜ್ಯಗಳ ಕಾನೂನುಗಳು ಬೇರೆ ಬೇರೆ.

ಭಾರತದಲ್ಲಿ ಪರಿಸ್ಥಿತಿ ಸಂಪೂರ್ಣ ಭಿನ್ನ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬಂದೂಕು ಇಟ್ಟುಕೊಳ್ಳಲು ಪಡೆದ ಪರವಾನಗಿ ತೋಟಾ ತಯಾರಿಕೆಗೆ ಅನುಮತಿಯಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ ವಿಧಿಸಬಹುದಾಗಿದೆ. 'ಮದ್ದುಗುಂಡು' ಎಂಬ ಪದದ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರೋಪಕರಣಗಳನ್ನೂ ಕಾಯಿದೆ ಸೇರಿಸಿಕೊಂಡಿದೆ. ಆದ್ದರಿಂದ ಅಮೆರಿಕದ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಅಚ್ಚು, ಪ್ರೆಸ್ಸುಗಳನ್ನು ಇಲ್ಲಿಗೆ ತರುವುದೂ ತೊಡಕಿನ ವಿಷಯವೇ.

ವಿದೇಶದಿಂದ ರಜೆಗೆ ಬರುವ ಬಂಧುಗಳಿಗೆ ಇದನ್ನು ತಿಳಿಸಿರುವುದು ಒಳಿತು. ಗುರಿ ಅಭ್ಯಾಸಕ್ಕೆ ಒಯ್ದಿದ್ದ ಚೀಲವನ್ನೇ ಪ್ರಯಾಣಕ್ಕೂ ಬಳಸಿ, ಮೂಲೆಯಲ್ಲಿ ಉಳಿದ ಒಂದು ತೋಟಾದಿಂದಾಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಪ್ರಕರಣ ಎದುರಿಸಿದವರಿದ್ದಾರೆ. ವಸ್ತು ತನ್ನ ಬಳಿ ಇದೆಯೆಂಬ ಅರಿವಿದ್ದರೆ ಮಾತ್ರ ಅದು ಅಪರಾಧದ 'ಹೊಂದಿರುವಿಕೆ' ಎನಿಸುತ್ತದೆಂದು ಸುಪ್ರೀಂ ಕೋರ್ಟ್ 1972ರ ಗುನ್ವಂತಲಾಲ್ ಪ್ರಕರಣದಲ್ಲಿಯೇ ಹೇಳಿದೆ, ಆ ಆಧಾರದ ಮೇಲೆ ಹೈಕೋರ್ಟುಗಳು ಇಂಥ ಪ್ರಕರಣಗಳನ್ನು ರದ್ದುಪಡಿಸಿದ ಉದಾಹರಣೆಗಳೂ ಉಂಟು. ಆದರೆ ಅಲ್ಲಿಯವರೆಗೆ ತಪ್ಪಿದ ವಿಮಾನ, ಠಾಣೆ, ವಕೀಲರ ಓಡಾಟ ಯಾವುದೂ ತಪ್ಪುವುದಿಲ್ಲ.